ದೆವ್ವಕ್ಕೂ ಅದೇ ಬೂಟು
ಓದುಗರ ಪ್ರಶ್ನೆ, ಬೋರ್ಡ್ ಪೇಂಟರ್ ಉತ್ತರ

ಹೋದ ತಿಂಗಳು ಒಬ್ಬರು ನನ್ನ ಗುರು ಯಾರು ಎಂದು ಕೇಳಿದ್ದರು. ಒಬ್ಬರು ಬಳ್ಳಾರಿ ಕೌಲ್ ಬಜಾರಿನ ನಮ್ಮ ಉಸ್ತಾದರು, ಇನ್ನೊಬ್ಬರು ಅಮೆರಿಕದ ಜಾಕ್ ಡೇವಿಸ್ ಎಂದು ಒಂದೇ ಸಾಲು ಬರೆದು ಮುಗಿಸಿದ್ದೆ. ನೀವು ಅಷ್ಟಕ್ಕೆ ಬಿಡಲಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಮೇಲೆಯೇ. ಹಾಗಾಗಿ ಎನಾಮೆಲ್ ಯಾಕೆ ಸಿಪ್ಪೆ ಏಳುತ್ತದೆ, ಗೋಡೆಗೆ ಬಣ್ಣ ಯಾಕೆ ಕಚ್ಚುವುದಿಲ್ಲ ಎಂಬ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ.

ಯಾರು ಸ್ವಾಮಿ ಈ ಜಾಕ್ ಡೇವಿಸ್? ಹಂಪಿಯನ್ನು ಬೆನ್ನಿಗಿಟ್ಟುಕೊಂಡು ಅಮೆರಿಕದವನನ್ನು ಗುರು ಅನ್ನುತ್ತೀರಲ್ಲ!
— ಓದುಗರು, ಸಿಂಧನೂರು

ಕಾಮಿಕ್ಸ್‌ಗೆ ಚಿತ್ರ ಬರೆಯುತ್ತಿದ್ದವರು. ಬೈಯುವ ಮೊದಲು ಒಂದು ಕಥೆ ಕೇಳಿ. ಆಗ ನನಗೆ ಹದಿನಾಲ್ಕು ವರ್ಷ. ಉಸ್ತಾದರ ಹತ್ತಿರ ಬ್ರಷ್ ತೊಳೆಯುವುದೇ ಕೆಲಸ. ಬ್ರಷ್ ಒರೆಸಲು ರದ್ದಿ ಬೇಕು. ವಾರಕ್ಕೊಮ್ಮೆ ರದ್ದಿ ಅಂಗಡಿಯಿಂದ ಎರಡು ಕಿಲೋ ತರುತ್ತಿದ್ದೆ. ಒಂದು ದಿನ ಆ ಕಟ್ಟಿನಲ್ಲಿ ಮುಖಪುಟವೇ ಇಲ್ಲದ ಒಂದು ಇಂಗ್ಲಿಷ್ ಪುಸ್ತಕ ಬಂತು. ಹಾಳೆ ಹರಿದು ಬ್ರಷ್ ಹತ್ತಿರ ತಂದಿದ್ದೆ, ಕೈ ನಿಂತಿತು.

ಪುಟದ ತುಂಬ ಜನ. ಎಲ್ಲರೂ ಓಡುತ್ತಿದ್ದಾರೆ. ಒಬ್ಬನ ಟೋಪಿ ಹಾರಿದೆ, ಒಬ್ಬನ ಬಾಯಿಂದ ಉಗುಳು ಸಿಡಿದಿದೆ, ಹಿಂದಿದ್ದವನ ಬೂಟು ಅವನ ತಲೆಗಿಂತ ದೊಡ್ಡದು. ಕಾಲು ಮಾತ್ರ ಜೋಳದ ದಂಟಿನ ಹಾಗೆ ಸಣ್ಣ. ಇಪ್ಪತ್ತು ಜನರಲ್ಲಿ ಒಬ್ಬನ ಮುಖವೂ ಇನ್ನೊಬ್ಬನ ಹಾಗಿಲ್ಲ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಬೋರ್ಡ್ ಬರೆಯುವವರಿಗೆ ಭಾಷೆ ಬರದಿದ್ದರೂ ಅಕ್ಷರ ಬರುತ್ತದೆ. ಮೂಲೆಯಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡೆ. ಉಸ್ತಾದರಿಗೆ ತೋರಿಸಿದೆ. ಬೀಡಿ ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಯಾವನಲೇ ಇವ? ಗೆರಿ ಎಳದಿಲ್ಲ, ಓಡಿಸ್ಯಾನ" ಅಂದರು. ಉಸ್ತಾದರು ಇನ್ನೊಬ್ಬರ ಕೈಯನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಪುಸ್ತಕ ಅಮೆರಿಕದ ನಗೆಪತ್ರಿಕೆ 'ಮ್ಯಾಡ್' ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಡೇವಿಸ್ ಹುಟ್ಟಿದ್ದು 1924ರ ಡಿಸೆಂಬರ್ 2ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು. ಆಮೇಲೆ ಓದು, ಆಮೇಲೆ ಕೆಲಸ ಹುಡುಕಿ ನ್ಯೂಯಾರ್ಕ್. ಅಲ್ಲಿ 'ಈಸಿ ಕಾಮಿಕ್ಸ್' ಎಂಬ ಪ್ರಕಾಶನಕ್ಕೆ ದೆವ್ವದ ಕಥೆಗಳಿಗೆ ಚಿತ್ರ ಬರೆಯಲು ಶುರು ಮಾಡಿದರು. 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಎಂಬ ಮಾಲೆಯಲ್ಲಿ ಕಥೆ ಹೇಳುವ ಒಬ್ಬ ಮುದುಕನಿದ್ದಾನೆ. ಜೊಲ್ಲು ಸುರಿಸುವ ಬಾಯಿ, ಕೆದರಿದ ಬಿಳಿ ಕೂದಲು. ಅವನನ್ನು ಮೊದಲು ಬರೆದವರು ಬೇರೆಯವರು, ಆದರೆ ಅವನಿಗೆ ಜೀವ ಬಂದದ್ದು ಡೇವಿಸ್ ಕೈಯಲ್ಲಿ.

ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. 1952ರ ಅಕ್ಟೋಬರ್–ನವೆಂಬರಿನಲ್ಲಿ ಹಾರ್ವಿ ಕರ್ಟ್ಜ್‌ಮನ್ ಸಂಪಾದಕತ್ವದಲ್ಲಿ 'ಮ್ಯಾಡ್' ಮೊದಲ ಸಂಚಿಕೆ ಬಂತು. ಅದರ ಮೊದಲ ಕಥೆಯ ಚಿತ್ರ ಡೇವಿಸ್ ಅವರದೇ. ಕಥೆ ಏನು ಗೊತ್ತಾ? ಮಳೆ ರಾತ್ರಿ, ಪಾಳುಮನೆ, ದೆವ್ವದ ಭಯ! ಅಂದರೆ ಅದುವರೆಗೆ ಯಾವ ಕೈಯಿಂದ ಜನರನ್ನು ಹೆದರಿಸುತ್ತಿದ್ದರೋ ಅದೇ ಕೈಯಿಂದ, ಅದೇ ಮನೆ ಬರೆದು ನಗಿಸಿದರು. ಎರಡೂ ಕಡೆ ಅದೇ ಕಿತ್ತುಹೋದ ಹಲಗೆ, ಅದೇ ಬೆವರ ಹನಿ, ಅದೇ ಬೂಟು. ಹೆದರಿದವನ ಕಣ್ಣು ಸ್ವಲ್ಪ ಹೊರಗೆ ಬಂದರೆ ಭಯ, ಇನ್ನೂ ಸ್ವಲ್ಪ ಬಂದರೆ ನಗು. ಎಷ್ಟು ಅನ್ನುವ ಆ ಅಳತೆ ಅವರ ಮಣಿಕಟ್ಟಿನಲ್ಲಿತ್ತು. ನಾನು ಗುರು ಅನ್ನುವುದು ಅದಕ್ಕೆ. ಹಂಪಿಗೂ ಹೋಗಿ ಬರೆದಿದ್ದೇನೆ ಸ್ವಾಮಿ, ಸಿಟ್ಟು ಬೇಡ.

ನನ್ನ ಮಗನಿಗೆ ಹತ್ತು ವರ್ಷ. ನೋಟ್‌ಬುಕ್ ತುಂಬ ದೆವ್ವ, ಅಸ್ಥಿಪಂಜರ. ಅಂಥದ್ದನ್ನು ಬರೆದರೆ ಮಕ್ಕಳು ಕೆಡುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ.
— ಓದುಗರು, ಗಂಗಾವತಿ

ಅಕ್ಕಾ, 1954ರಲ್ಲಿ ಇಡೀ ಅಮೆರಿಕ ನಿಮ್ಮ ಪಕ್ಕದ ಮನೆಯವರ ಹಾಗೇ ಹೆದರಿತ್ತು. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಹಾಳಾಗುತ್ತಿದ್ದಾರೆ ಎಂದು ದೊಡ್ಡ ಪುಸ್ತಕವನ್ನೇ ಬರೆದರು. ಸೆನೆಟ್ ಉಪಸಮಿತಿ ವಿಚಾರಣೆಗೆ ಕೂತಿತು. ಏಪ್ರಿಲ್ 21ರಂದು ಈಸಿ ಪ್ರಕಾಶಕ ವಿಲಿಯಂ ಗೇನ್ಸ್ ತಾವಾಗಿಯೇ ಹೋಗಿ ಸಾಕ್ಷಿ ಹೇಳಿದರು. ಸಮಿತಿಯವರು ಕಡಿದ ತಲೆ ಹಿಡಿದ ಒಂದು ಮುಖಪುಟ ತೋರಿಸಿ, ಇದು ಸದಭಿರುಚಿಯೇ ಎಂದು ಕೇಳಿದರು. ಹಾರರ್ ಪುಸ್ತಕದ ಮುಖಪುಟಕ್ಕೆ ಹೌದು ಎಂದರು ಗೇನ್ಸ್. ಅಲ್ಲಿಗೆ ಕೆಟ್ಟಿತು. ಆ ಮುಖಪುಟ ಬರೆದವರು ಜಾನಿ ಕ್ರೇಗ್, ಡೇವಿಸ್ ಅಲ್ಲ. ಆದರೆ ಊರಿಗೆ ಬಂದ ಜ್ವರ ಒಂದೇ ಮನೆ ನೋಡಿ ಹೋಗುತ್ತದೆಯೇ?

ಅದೇ ವರ್ಷ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಪುಸ್ತಕದ ಹೆಸರಿನಲ್ಲಿ 'ಹಾರರ್' ಇರಬಾರದು, ರಕ್ತ ಹೀರುವ ಪಿಶಾಚಿ ಬರಬಾರದು, ನಡೆದಾಡುವ ಹೆಣ ಬರಬಾರದು. ಡೇವಿಸ್ ಬರೆಯುತ್ತಿದ್ದ ದೆವ್ವದ ಪುಸ್ತಕಗಳೆಲ್ಲ ಮುಚ್ಚಿದವು. ಉಳಿದಿದ್ದು ನಗು. 1955ರಲ್ಲಿ 'ಮ್ಯಾಡ್' ಕಾಮಿಕ್ ರೂಪ ಬಿಟ್ಟು ಮ್ಯಾಗಜಿನ್ ಆಯಿತು, ಆ ನಿಯಮಾವಳಿ ಅದನ್ನು ಮುಟ್ಟಲಿಲ್ಲ. ವರ್ಥಮ್ ತಮ್ಮ ಪುಸ್ತಕದಲ್ಲಿ ಮಕ್ಕಳ ಮಾತುಗಳನ್ನೇ ತಿರುಚಿದ್ದರು ಎಂದು ಅವರ ಕಾಗದಪತ್ರಗಳನ್ನು ಜಾಲಾಡಿ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ತೋರಿಸಿದ್ದು 2012ರಲ್ಲಿ.

ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. 1953ರಲ್ಲಿ ಡೇವಿಸ್ ಚಿತ್ರ ಬರೆದ ಒಂದು ಬೇಸ್‌ಬಾಲ್ ಕಥೆಯಿದೆ. ಒಬ್ಬ ಆಟಗಾರ ಬೂಟಿನ ಮೊಳೆಗೆ ವಿಷ ಸವರಿ ಎದುರಾಳಿಯನ್ನು ಕೊಲ್ಲುತ್ತಾನೆ. ಸತ್ತವನ ತಂಡದವರು ಸೇಡಿಗೆ ಆ ಕೊಲೆಗಾರನ ದೇಹದ ತುಂಡುಗಳಿಂದಲೇ ನಡುರಾತ್ರಿ ಮ್ಯಾಚ್ ಆಡುತ್ತಾರೆ. ವರ್ಥಮ್ ಹಿಡಿದು ಝಾಡಿಸಿದ ಕಥೆಗಳಲ್ಲಿ ಇದೂ ಒಂದು. ಅದು ನನಗೂ ಅತಿಯಾಯಿತು. ಅಷ್ಟು ಚೆನ್ನಾಗಿ ಬರೆಯದಿದ್ದರೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಹತ್ತು ವರ್ಷದ ಹುಡುಗನ ಕೈಗೆ ನಾನಂತೂ ಕೊಡುವುದಿಲ್ಲ.

ನಿಮ್ಮ ಮಗ ಊಟ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಆಡುತ್ತಾನೆ ಅಂದರೆ ಬರೆಯಲಿ ಬಿಡಿ. ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಿ. ಒಂದು ಸಲ ಅವನಿಗೆ ಹೀಗೆ ಹೇಳಿ ನೋಡಿ: "ದೆವ್ವಕ್ಕೆ ಹವಾಯಿ ಚಪ್ಪಲಿ ಹಾಕು. ಒಂದರ ಉಂಗುಷ್ಟ ಕಿತ್ತಿರಲಿ." ಏನು ಬರೆಯುತ್ತಾನೋ ನನಗೆ ಕಳಿಸಿ.

ಅವರ ಹಾಗೆ ಬರೆಯಲು ಯಾವ ಪೆನ್ನು, ಯಾವ ಬ್ರಷ್ ಬೇಕು ಸರ್?
— ವಿದ್ಯಾರ್ಥಿ, ರಾಯಚೂರು

ತಮ್ಮಾ, ಇಂಡಿಯನ್ ಇಂಕು, ಮೊನೆ ಕೂಡುವ ಒಂದು ಒಳ್ಳೆಯ ರೌಂಡ್ ಬ್ರಷ್, ಒಂದು ನಿಬ್ ಪೆನ್ನು. ಅಷ್ಟೇ. ದುಡ್ಡು ಜಾಸ್ತಿ ಇದ್ದರೆ ಕಾಗದಕ್ಕೆ ಹಾಕು.

ನಾನು ಕಲಿತದ್ದು ಹೇಗೆಂದು ಹೇಳುತ್ತೇನೆ. ಟ್ರೇಸಿಂಗ್ ಪೇಪರ್ ಕೊಳ್ಳಲು ಕಾಸಿರಲಿಲ್ಲ. ನಮ್ಮ ಬಳ್ಳಾರಿಯಲ್ಲಿ ಮಿರ್ಚಿಗೆ ಬರವೇ? ಮಿರ್ಚಿ ಕಟ್ಟಿಕೊಟ್ಟ ಕಾಗದ ಎಣ್ಣೆ ಕುಡಿದು ಗಾಜಿನ ಹಾಗಾಗುತ್ತದೆ. ಅದನ್ನು ಒಣಗಿಸಿ, ಡೇವಿಸ್ ಪುಟದ ಮೇಲಿಟ್ಟು, ಪೆನ್ಸಿಲಿನಿಂದ ಎತ್ತಿಕೊಳ್ಳುತ್ತಿದ್ದೆ. ಸಂಜೆ ಉಸ್ತಾದರು ಲೆಕ್ಕ ಬರೆಯುವಾಗ ನಾನು ಬೂಟು ಬರೆಯುವುದು. ಒಂದು ಇಡೀ ಬೇಸಿಗೆ ಬೂಟು. ಆಮೇಲೆ ಮಂಡಿಯ ಹಿಂದಿನ ಪ್ಯಾಂಟಿನ ಸುಕ್ಕು. ಡೇವಿಸ್ ಸುಕ್ಕು ಬರೆಯುವುದನ್ನು ನೋಡಬೇಕು! ಬಟ್ಟೆ ಯಾವ ಕಡೆಗೆ ಎಳೆದಿದೆಯೋ ಮನುಷ್ಯ ಆ ಕಡೆಗೆ ಓಡುತ್ತಾನೆ. ಆಮೇಲೆ ಕೈಬೆರಳು. ಮುಖಕ್ಕೆ ಬರುವ ಹೊತ್ತಿಗೆ ಒಂದು ವರ್ಷ ಹೋಗಿತ್ತು.

ನೀನು ಸುಮ್ನೆ ನಕಲು ಮಾಡುತ್ತಾ ಕೂರಬೇಡ. ರಾಯಚೂರು ಬಸ್ ಸ್ಟ್ಯಾಂಡಿಗೆ ಹೋಗಿ ನೆರಳಲ್ಲಿ ಕೂತುಕೋ. ಬಸ್ಸು ಬಂದ ಕೂಡಲೇ ಟವೆಲ್ಲು ಎಸೆದು ಸೀಟು ಹಿಡಿಯಲು ಓಡುತ್ತಾರಲ್ಲ, ಅವರ ಕಾಲು ಮಾತ್ರ ಬರೆ. ಒಬ್ಬರಿಗೆ ಅರ್ಧ ನಿಮಿಷ. ರಬ್ಬರ್ ಮನೆಯಲ್ಲೇ ಬಿಟ್ಟು ಹೋಗು. ಡೇವಿಸ್ ಅವರ ವೇಗ ಅವರ ಕಾಲದವರಲ್ಲೇ ದೊಡ್ಡ ಹೆಸರು. ಆದರೆ ಗಡಿಬಿಡಿ ಬೇರೆ, ವೇಗ ಬೇರೆ. ಅವರ ಚಿತ್ರದಲ್ಲಿ ಹಿಂದಿನ ಸಾಲಿನ ಐವತ್ತನೆಯವನಿಗೂ ಕೋಟಿನ ಗುಂಡಿ ಇರುತ್ತದೆ.

ಅವರಿಗೆ ಪತ್ರ ಬರೆಯಬೇಕು. ವಿಳಾಸ ಕೊಡುತ್ತೀರಾ?
— ಓದುಗರು, ಮಾನ್ವಿ

ತಡವಾಯಿತು. 2016ರ ಜುಲೈ 27ರಂದು ತೀರಿಕೊಂಡರು. 91 ವರ್ಷ. 'ಮ್ಯಾಡ್' ಮೊದಲ ಸಂಚಿಕೆಯ ಕಥೆಗಳಿಗೆ ಚಿತ್ರ ಬರೆದವರು ನಾಲ್ವರು: ಡೇವಿಸ್, ವಿಲ್ ಎಲ್ಡರ್, ವಾಲಿ ವುಡ್, ಜಾನ್ ಸೆವೆರಿನ್. ನಾಲ್ವರಲ್ಲಿ ಕೊನೆಗೆ ಹೋದವರು ಇವರು. 'ಟೈಮ್' ಪತ್ರಿಕೆಗೆ ಮುಖಪುಟ ಬರೆದರು, ಸಿನಿಮಾ ಪೋಸ್ಟರ್ ಬರೆದರು. 1963ರ 'ಇಟ್ಸ್ ಎ ಮ್ಯಾಡ್, ಮ್ಯಾಡ್, ಮ್ಯಾಡ್, ಮ್ಯಾಡ್ ವರ್ಲ್ಡ್' ಚಿತ್ರದ ಪೋಸ್ಟರ್ ಹುಡುಕಿ ನೋಡಿ. ಅಲ್ಲಿನ ವ್ಯಂಗ್ಯಚಿತ್ರಕಾರರ ಸಂಘದ ದೊಡ್ಡ ಗೌರವವಾದ ರೂಬೆನ್ ಪ್ರಶಸ್ತಿ 2000ದ ಸಾಲಿಗೆ ಬಂತು. ನಾನೂ ಒಂದು ಪತ್ರ ಬರೆದಿಟ್ಟಿದ್ದೆ, ಕನ್ನಡದಲ್ಲಿ. ಇಂಗ್ಲಿಷಿಗೆ ಮಾಡಿಕೊಡುತ್ತೇನೆ ಎಂದ ಪರಿಚಯದವರು ಇಂದಿಗೂ ಮಾಡಿಕೊಟ್ಟಿಲ್ಲ.

ನಗಿಸುತ್ತಲೇ ಹೆದರಿಸುವ ಚಿತ್ರ ನಮ್ಮಲ್ಲಿ ಇಲ್ಲವೇ?
— ಓದುಗರು, ಕೊಪ್ಪಳ

ಕೊಪ್ಪಳದವರೇ ಹೀಗೆ ಕೇಳಬಹುದೇ? ನಿಮ್ಮ ಜಿಲ್ಲೆಯ ಮೋರನಾಳಕ್ಕೆ ಹೋಗಿ ಬನ್ನಿ. ತೊಗಲು ಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಊರು. 2025ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ 96 ವರ್ಷ. ಆಟದಲ್ಲಿ ಒಂದು ಕಡೆ ಹತ್ತು ತಲೆಯ ರಾವಣ. ಹಿಂದೆ ದೀಪ ಇಟ್ಟರೆ ತೊಗಲಿನ ಕೆಂಪು ಬಣ್ಣ ಉರಿಯುತ್ತದೆ, ಚಿಕ್ಕಂದಿನಲ್ಲಿ ನಾನು ಅವ್ವನ ಸೆರಗು ಹಿಡಿದುಕೊಂಡೇ ನೋಡಿದ್ದು. ಅದರ ಬೆನ್ನಿಗೇ ಕಿಳ್ಳೇಕ್ಯಾತ ಬರುತ್ತಾನೆ. ಕರಿ ಮೈ, ದಪ್ಪ ತುಟಿ, ಡೊಳ್ಳು ಹೊಟ್ಟೆ. ಜೊತೆಗೆ ಬಂಗಾರಕ್ಕ. ಇಬ್ಬರ ಜಗಳ ಕೇಳಿ ಹೊಟ್ಟೆ ಹಿಡಿದು ನಗಬೇಕು. ರಾವಣನನ್ನು ಕತ್ತರಿಸಿದ ಉಳಿಯೇ ಕಿಳ್ಳೇಕ್ಯಾತನನ್ನೂ ಕತ್ತರಿಸಿದ್ದು, ಒಂದೇ ಮೇಕೆಯ ತೊಗಲೂ ಇರಬಹುದು. ಡೇವಿಸ್ ಪುಟ ಕೈಗೆ ಬಂದಾಗ ನನಗೆ ಹೊಸದು ಅನಿಸಲಿಲ್ಲ. ಇವನನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತ್ತು. ಕಿಳ್ಳೇಕ್ಯಾತನನ್ನೇ ನೋಡಿದ್ದೆ.

ನಾವು ಸಣ್ಣವರಿದ್ದಾಗ ಬಳ್ಳಾರಿಯಲ್ಲಿ ಒಂದು ಚಪ್ಪಲಿ ಅಂಗಡಿ ಬೋರ್ಡಿನಲ್ಲಿ ಭಾರಿ ಪಾದದ ಮನುಷ್ಯ ಓಡುತ್ತಿದ್ದ. ಅದು ನಿಮ್ಮದಾ?
— ಓದುಗರು, ಬಳ್ಳಾರಿ

ಸಿಕ್ಕಿಬಿದ್ದೆ! ನನ್ನದೇ. ಉಸ್ತಾದರು ನನ್ನೊಬ್ಬನಿಗೇ ಬಿಟ್ಟ ಮೊದಲ ಬೋರ್ಡ್. ಆರು ಅಡಿ ಉದ್ದ, ಮೂರು ಅಡಿ ಎತ್ತರದ ತಗಡು. ಎರಡು ಜೋಡಿ ಚಪ್ಪಲಿ ಬರೆದು ಹೆಸರು ಹಾಕು ಎಂದಿದ್ದರು. ನಾನು ಆರೂ ಅಡಿ ತುಂಬ ಒಬ್ಬನನ್ನು ಓಡಿಸಿದೆ. ಬಿಸಿಲಿಗೆ ಬೆವರು ಸಿಡಿಯುತ್ತಿದೆ, ಧೋತರ ಹಾರಿದೆ, ಮುಂದಿನ ಪಾದ ಬೋರ್ಡಿನ ಅರ್ಧ.

ಅಂಗಡಿಯವರು ಕೆಳಗೆ ನಿಂತು ನೋಡಿದರು. "ಏನಪಾ ಇದು, ಮನಷ್ಯಾಗಿಂತ ಪಾದನ ದೊಡ್ಡದೈತಲ್ಲ? ಈ ಸೈಜು ನನ್ನ ಹತ್ರ ಇಲ್ಲ" ಅಂದರು. ಅರ್ಧ ದುಡ್ಡು ಕೊಟ್ಟರು. ಉಳಿದರ್ಧ ಬೋರ್ಡ್ ಸರಿ ಮಾಡಿದ ಮೇಲೆ ಎಂದರು. ನಾನು ಸರಿ ಮಾಡಲಿಲ್ಲ, ಅವರು ಕೊಡಲಿಲ್ಲ. ಆದರೆ ಶಾಲೆ ಬಿಟ್ಟ ಹುಡುಗರು ಅದರ ಕೆಳಗೆ ನಿಂತು ಅವನ ಹಾಗೇ ಕಾಲೆತ್ತಿ ಓಡುತ್ತಿದ್ದರು. ನೀವೂ ಅವರಲ್ಲಿ ಒಬ್ಬರಿರಬೇಕು, ಅಲ್ವಾ?

ಅಂಗಡಿಗೆ ಫ್ಲೆಕ್ಸ್ ಬಂದು ಎಷ್ಟೋ ವರ್ಷವಾಯಿತು. ತಗಡು ಮಾತ್ರ ಇದೆ. ಅದೇ ಓಣಿಯಲ್ಲಿ ಒಬ್ಬರು ಎಮ್ಮೆ ಕೊಟ್ಟಿಗೆಯ ಸೋರುವ ಮೂಲೆಗೆ ಹೊದಿಸಿದ್ದಾರೆ. ಹೋದ ವಾರ ಹೋಗಿ ನೋಡಿದೆ. ತಲೆ, ಧೋತರ, ಅಂಗಡಿ ಹೆಸರು ಎಲ್ಲವನ್ನೂ ತುಕ್ಕು ತಿಂದಿದೆ. ಪಾದ ಹಾಗೇ ಇದೆ. ಅಲ್ಲಿಗೆ ಎರಡು ಕೋಟ್ ಹಾಕಿದ್ದೆ.