ಸ್ವೀಡನ್‌ನಲ್ಲಿ ಪಿಎಚ್‌ಡಿ ಹಾಫ್‌ಟೈಮ್ ರಿವ್ಯೂ ಹತ್ತಿರ ಬಂದಿದೆ, ದಿನ ಹೇಗೆ ಕಳೆಯಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಜನವರಿಯಲ್ಲಿ ಹಾಫ್‌ಟೈಮ್ ರಿವ್ಯೂ, ಅಂದರೆ ಪಿಎಚ್‌ಡಿಯ ನಡುವಿನ ಪರಿಶೀಲನೆ ಇದೆ, ಅದಕ್ಕೆ ದಿನಾ ಎಷ್ಟು ಗಂಟೆ ಓದಬೇಕು ಅಂತ ಒಂದು. ಈ ಚಳಿಗಾಲದ ಕತ್ತಲಲ್ಲಿ ಒಬ್ಬರೇ ಇದ್ದುಕೊಂಡು ಅಡುಗೆ, ಬಟ್ಟೆ, ಊರಿಗೆ ಫೋನು ಎಲ್ಲಾ ಹೇಗೆ ನಿಭಾಯಿಸುವುದು ಅಂತ ಇನ್ನೊಂದು. ನಾನು ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನನ್ನ ಹಾಫ್‌ಟೈಮ್ ಹೋದ ಚಳಿಗಾಲದಲ್ಲಿ ಮುಗಿಯಿತು. ನೇರವಾಗಿ ಹೇಳುತ್ತೇನೆ: ಓದುವ ಗಂಟೆ ಜಾಸ್ತಿ ಮಾಡಬೇಡಿ. ದಿನ ಕೆಡದ ಹಾಗೆ ನೋಡಿಕೊಳ್ಳಿ.

ಮೊದಲು ಭಯದ ಮಾತು. ನಮ್ಮ ಕಡೆ ಕಾಂಪ್ರಿಹೆನ್ಸಿವ್ ವೈವಾ ಅಂದರೆ ಪಾಸು ಫೇಲಿನ ವಿಷಯ, ಅಲ್ವಾ? ಇದು ಆ ಥರ ಅಲ್ಲ. ಇಲ್ಲಿ ಪಿಎಚ್‌ಡಿ ಅಂದರೆ 240 ಕ್ರೆಡಿಟ್, ಪೂರ್ಣಾವಧಿಯ 4 ವರ್ಷ. ಪಾಠ ಮಾಡುವಂಥ ಡಿಪಾರ್ಟ್‌ಮೆಂಟ್ ಕೆಲಸ ಶೇ. 20ರವರೆಗೆ ಇರಬಹುದು, ಅದಕ್ಕೆ ತಕ್ಕಂತೆ ಅವಧಿಯೂ ಮುಂದಕ್ಕೆ ಹೋಗುತ್ತದೆ. ಈ ದಾರಿಯ ನಡುವೆ ಹೊರಗಿನವರ ಒಂದು ಕಮಿಟಿ ಕೂತು ಇಲ್ಲಿಯವರೆಗೆ ಏನಾಗಿದೆ, ಉಳಿದ ಸಮಯಕ್ಕೆ ಉಳಿದ ಕೆಲಸ ಮುಗಿಯುತ್ತಾ ಅಂತ ನೋಡುತ್ತದೆ. ಅದೇ ಹಾಫ್‌ಟೈಮ್ ರಿವ್ಯೂ. ಗೈಡ್ ಮತ್ತು ಸೌಲಭ್ಯಗಳನ್ನು ವಾಪಸ್ ತೆಗೆದುಕೊಳ್ಳುವ ಅಧಿಕಾರ ಕಾನೂನಿನಲ್ಲಿ ಇರುವುದು ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್‌ಗೆ, ಅದೂ ಸ್ಟಡಿ ಪ್ಲಾನ್‌ನಲ್ಲಿ ಒಪ್ಪಿಕೊಂಡ ಕೆಲಸವನ್ನು ಅಭ್ಯರ್ಥಿ ತೀರಾ ಕಡೆಗಣಿಸಿದಾಗ. ಕಮಿಟಿಯವರು ಒಂದು ಮಧ್ಯಾಹ್ನ ಕೂತು ನಿಮ್ಮನ್ನು ಮನೆಗೆ ಕಳಿಸುವ ಹಾಗಿಲ್ಲ.

ಹಾಗಾದರೆ ಏನು ತಯಾರಿ ಮಾಡಬೇಕು? ಆ ಸ್ಟಡಿ ಪ್ಲಾನ್ ತೆಗೆದು ಎದುರಿಗಿಟ್ಟುಕೊಳ್ಳಿ. ಕಾಲಕಾಲಕ್ಕೆ ಅದನ್ನು ಪರಿಶೀಲಿಸಲೇಬೇಕು ಅಂತ ನಿಯಮವಿದೆ, ಆದರೂ ಎಷ್ಟೋ ಜನರದ್ದು ಹಳೇ ಯೋಜನೆಯಲ್ಲೇ ನಿಂತಿರುತ್ತದೆ. ಏನು ಮುಗಿದಿದೆ, ಏನು ನಡೀತಿದೆ, ಯಾವುದನ್ನು ಕೈಬಿಟ್ಟಿದ್ದೀರಿ, ಯಾಕೆ, ಇಷ್ಟನ್ನು ಬಿಡಿಸಿ ಬರೆಯಿರಿ. ಅಡ್ಡಿ ಇರುವುದನ್ನು ಮುಚ್ಚಿಡಬೇಡಿ. ನನ್ನದು ಪೈನ್ ಮರದ ಬೇರಿನ ಜೊತೆ ಬದುಕುವ ಶಿಲೀಂಧ್ರಗಳ ಮೇಲಿನ ಕೆಲಸ. ನೆಲ ಹೆಪ್ಪುಗಟ್ಟಿತು ಅಂದರೆ ಮಣ್ಣಿನ ಸ್ಯಾಂಪಲ್ ತೆಗೆಯುವುದು ಕಷ್ಟ, ಒಂದು ಬೇಸಿಗೆ ಕೈತಪ್ಪಿದರೆ ಒಂದು ವರ್ಷವೇ ಹೋದಂತೆ. ಅದನ್ನು ವರದಿಯಲ್ಲೇ ಬರೆದಿದ್ದೆ. ಕಮಿಟಿಯ ಮಾತೆಲ್ಲ ಅದರ ಸುತ್ತಲೇ ನಡೆಯಿತು, ಕೊನೆಯ ಪೇಪರಿಗೆ ಹೊಸ ಸ್ಯಾಂಪಲ್ ಬೇಡ, ಇರುವ ಡೇಟಾದಲ್ಲೇ ಬರೆಯಿರಿ ಅಂದರು. ಆ ಒಂದು ಮಾತಿನಿಂದ ನನಗಾದ ಉಪಕಾರ ದೊಡ್ಡದು. ಗೈಡ್ ಹೊರಗಿದ್ದಾಗ ಕಮಿಟಿ ಜೊತೆ ಮಾತಾಡುವ ಅವಕಾಶವೂ ತುಂಬಾ ಕಡೆ ಇರುತ್ತದೆ. ಗೈಡ್ ಸಮಯ ಕೊಡುತ್ತಿಲ್ಲ ಅನ್ನುವುದಿದ್ದರೆ ಅಲ್ಲೇ ಹೇಳಿ, ಸುಮ್ನೆ ಎಲ್ಲಾ ಚೆನ್ನಾಗಿದೆ ಅಂತ ಎದ್ದು ಬರಬೇಡಿ.

ಇನ್ನು ದಿನದ ವಿಷಯ. ಡಿಸೆಂಬರ್ ಕೊನೆಗೆ ಉಪ್ಸಾಲಾದಲ್ಲಿ ಸೂರ್ಯ ಹುಟ್ಟುವಾಗ ಒಂಬತ್ತರ ಹತ್ತಿರ ಆಗಿರುತ್ತದೆ, ಮಧ್ಯಾಹ್ನ ಎರಡೂಮುಕ್ಕಾಲಿಗೆ ಮುಳುಗಿಬಿಡುತ್ತಾನೆ. ನಡುಹಗಲಲ್ಲೂ ಮರಗಳ ತಲೆಯ ಮೇಲೆ ಬರುವುದಿಲ್ಲ. ಬೆಳಗ್ಗೆ ಕತ್ತಲಲ್ಲಿ ಒಳಗೆ ಹೋಗಿ ಸಂಜೆ ಕತ್ತಲಲ್ಲೇ ಹೊರಗೆ ಬಂದರೆ ವಾರಗಟ್ಟಲೆ ಬಿಸಿಲು ಕಾಣದೆ ಹೋಗಬಹುದು, ಆಮೇಲೆ ನಿದ್ದೆ ಕೆಡುತ್ತದೆ, ಬರೆಯಲು ಕೂತರೆ ಒಂದು ಸಾಲೂ ಹೊರಡುವುದಿಲ್ಲ. ಬೆಳಗ್ಗೆ ಬರೆಯಿರಿ, ಹನ್ನೊಂದೂವರೆಗೆ ಎಲ್ಲಾ ಬಿಟ್ಟು ಜಾಕೆಟ್ ಹಾಕಿಕೊಂಡು ಹೊರಗೆ ನಡೆಯಿರಿ. ಮೋಡ ಇದ್ದರೂ ಹೋಗಿ. ಅಮ್ಮನಿಗೆ ಫೋನ್ ಮಾಡುವುದಕ್ಕೂ ಅದೇ ಸರಿಯಾದ ಹೊತ್ತು. ಚಳಿಗಾಲದಲ್ಲಿ ಊರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದಿರುತ್ತದೆ, ಇಲ್ಲಿ ಮಧ್ಯಾಹ್ನ ಆದಾಗ ಅಲ್ಲಿ ಸಂಜೆ ಕಾಫಿ. ರಾತ್ರಿ ಮಾಡೋಣ ಅಂದುಕೊಂಡರೆ ಅವರು ನಿದ್ದೆ ಬಿಟ್ಟು ಕಾಯುತ್ತಾರೆ.

ಅಡುಗೆಗೆ ಒಂದು ಉಪಾಯ. ಮೊಸರನ್ನಕ್ಕೆ ಇಲ್ಲಿನ ಅಂಗಡಿಯ ಸಾಮಾನೇ ಸಾಕು. ಗ್ರೋತ್‌ರೀಸ್ ಅಂತ ಗಂಜಿಗೆ ಬಳಸುವ ಗುಂಡು ಅಕ್ಕಿ ಸಿಗುತ್ತದೆ, ನೀರು ಜಾಸ್ತಿ ಹಾಕಿ ಬೇಯಿಸಿದರೆ ಮೆತ್ತಗೆ ಮುದ್ದೆಯಾಗುತ್ತದೆ. ಆರಿದ ಮೇಲೆ ಅರ್ಧ ಟರ್ಕಿಶ್ ಮೊಸರು, ಅರ್ಧ ಫೀಲ್‌ಮ್ಯೋಲ್ಕ್ ಹಾಕಿ ಕಲಸಿ. ಫೀಲ್‌ಮ್ಯೋಲ್ಕ್‌ಗೆ ನಮ್ಮ ದಪ್ಪ ಮಜ್ಜಿಗೆಯ ಹುಳಿ ಇದೆ, ಬರೀ ಮೊಸರು ಹಾಕಿದರೆ ಆ ರುಚಿ ಬರುವುದಿಲ್ಲ. ಸಾಸಿವೆ, ಮೆಣಸಿನಕಾಯಿ, ಶುಂಠಿ ಒಗ್ಗರಣೆ. ಕರಿಬೇವು ಏಷ್ಯನ್ ಅಂಗಡಿಯಲ್ಲಿ ಸಿಕ್ಕಿದ ದಿನ ತಂದು ಫ್ರೀಜರ್‌ಗೆ ಹಾಕಿಡಿ. ಭಾನುವಾರ ಸಾರು ಮಾಡಿ ಡಬ್ಬಿಗಳಿಗೆ ತುಂಬಿಟ್ಟರೆ ವಾರದ ಊಟದ ಚಿಂತೆ ಇಲ್ಲ.

ಬಟ್ಟೆಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಲಾಂಡ್ರಿ ರೂಮನ್ನು ಮೊದಲೇ ಬುಕ್ ಮಾಡಿ, ರಿವ್ಯೂ ವಾರಕ್ಕಂತೂ ಈಗಲೇ. ಮಷಿನ್ ತಿರುಗುತ್ತಿರುವಾಗ ನಾನು ಅಲ್ಲೇ ನಿಂತು ಸ್ಲೈಡ್ ಜೋರಾಗಿ ಹೇಳಿಕೊಳ್ಳುತ್ತಿದ್ದೆ, ಯಾವ ವಾಕ್ಯ ನಾಲಿಗೆಗೆ ತೊಡರುತ್ತೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಫೀಕಾ, ಅಂದರೆ ಎಲ್ಲರೂ ಸೇರಿ ಕಾಫಿ ಕುಡಿಯುವ ಬಿಡುವನ್ನು ತಪ್ಪಿಸಬೇಡಿ. ಕೆಲಸವಿದೆ ಅಂತ ಕಾಫಿಗೆ ಹೋಗದೆ ಕೂರುವವರು ನಮ್ಮವರಲ್ಲಿ ಜಾಸ್ತಿ. ಪಕ್ಕದ ಲ್ಯಾಬಿನವರು ಆ ಟೇಬಲ್ಲಿನಲ್ಲಿ ಕೇಳುವ ಸಾದಾ ಪ್ರಶ್ನೆಯನ್ನೇ ಕಮಿಟಿಯವರೂ ಕೇಳುತ್ತಾರೆ: ಇದರಿಂದ ಏನು ಗೊತ್ತಾಗುತ್ತೆ? ಪ್ರೊಫೆಸರನ್ನೂ ಹೆಸರು ಹಿಡಿದೇ ಕರೆಯುವ ಜಾಗ ಇದು. ನಮಗೆ ಬಾಯಿ ಬರುವುದಕ್ಕೆ ಸ್ವಲ್ಪ ಕಾಲ ಬೇಕು, ಅದು ಫೀಕಾದಲ್ಲೇ ಬರುತ್ತದೆ.

ಕೊನೆಯದಾಗಿ, ಮೈ ಹುಷಾರಿಲ್ಲದಿದ್ದರೆ ಅಥವಾ ಮನಸ್ಸು ತೀರಾ ಕುಗ್ಗಿದರೆ ಇಲ್ಲಿನ ಆರೋಗ್ಯ ಸಲಹೆಯ ನಂಬರ್ 1177ಗೆ ಫೋನ್ ಮಾಡಿ. ನೀವು ಉದ್ಯೋಗಿಯಾಗಿದ್ದರೆ ಸಿಕ್ ಲೀವ್ ಹಾಕಿ, ರಜೆ ಹಾಕದೆ ಮನೆಯಲ್ಲಿ ಮಲಗಬೇಡಿ. ಕಾಯಿಲೆ ಕಾರಣಕ್ಕೆ ಪಿಎಚ್‌ಡಿ ಅವಧಿ ವಿಸ್ತರಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಆ ದಿನಗಳು ದಾಖಲೆಯಲ್ಲಿ ಇರಬೇಕು.