ಮುಂದೊಂದು ಕಂಪನಿ, ಹಿಂದೊಂದು ಕಂಪನಿ: ಕ್ಲಾಸಿಕ್ 350ರ ಟೈರ್ ಪ್ರಶ್ನೆಗೆ ಉತ್ತರ

ನಮಸ್ಕಾರ. ನಿಮ್ಮ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ಹಿಂದಿನ ಟೈರ್ ಪೂರ್ತಿ ಸವೆದಿದೆ, ಮುಂದಿನದು ಇನ್ನೂ ಅರ್ಧದಷ್ಟು ಉಳಿದಿದೆ, ಹಿಂದಕ್ಕೆ ಮಾತ್ರ ಬೇರೆ ಕಂಪನಿಯ 120/90-18 ಅಳತೆಯ ಬಟನ್ ಟೈರ್ (ಮೇಲ್ಮೈಯಲ್ಲಿ ಬಿಡಿಬಿಡಿಯಾದ ರಬ್ಬರ್ ಗಟ್ಟಿಗಳಿರುವ ಟೈರ್) ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಹೇಳಿದ್ದಾರೆ, ಹಾಗೆ ಮಾಡಬಹುದೇ ಎಂದು ಕೇಳಿದ್ದೀರಿ. ಸಕಲೇಶಪುರದ ತೋಟದ ಮಣ್ಣುದಾರಿಯಲ್ಲೂ ಶಿರಾಡಿ ಘಾಟಿಯಲ್ಲೂ ಓಡಿಸುವುದಾಗಿ ಬರೆದಿದ್ದೀರಿ. ಕಂಪನಿ ಬೇರೆಯಾಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅವರು ಸೂಚಿಸಿದ ಆ ಟೈರನ್ನು ದಯವಿಟ್ಟು ಹಾಕಿಸಬೇಡಿ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೋಟಾರ್‌ಸೈಕಲ್ಲಿನ ಎರಡು ಟೈರುಗಳು ಮಾಡುವ ಕೆಲಸವೇ ಬೇರೆ ಬೇರೆ. ತಿರುಗಿಸುವುದು ಮುಂದಿನದು, ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲೂ ಅದರದೇ. ಎಂಜಿನ್ನಿನ ಎಳೆತವನ್ನು ರಸ್ತೆಗೆ ಮುಟ್ಟಿಸುವುದು ಮತ್ತು ಹಿಂದೆ ಕುಳಿತವರ ಭಾರ ಹೊರುವುದು ಹಿಂದಿನ ಟೈರಿನ ಕೆಲಸ. ಹಳೆಯ 100 ಸಿಸಿ ಬೈಕುಗಳಲ್ಲಿ ಮುಂದೆ ಉದ್ದುದ್ದ ಗೀರಿನ ಟೈರನ್ನೂ ಹಿಂದೆ ಬಟನ್ ಟೈರನ್ನೂ ಕಾರ್ಖಾನೆಯಲ್ಲಿಯೇ ಹಾಕಿ ಕಳಿಸುತ್ತಿದ್ದುದು ಇದೇ ಕಾರಣಕ್ಕೆ. ಹಿಂದಿನದು ಬೇಗ ಸವೆಯುವುದರಿಂದ ಒಂದಲ್ಲ ಒಂದು ಹಂತದಲ್ಲಿ ಎಲ್ಲರ ಗಾಡಿಯಲ್ಲೂ ಹಳೆಯದು ಹೊಸದು ಬೆರೆತೇ ಇರುತ್ತವೆ. ಒಂದೇ ಕಂಪನಿಯವರು ಜೋಡಿಯಾಗಿ ಮಾರುವ ಟೈರುಗಳನ್ನು ಒಟ್ಟಿಗೆ ಪರೀಕ್ಷಿಸಿರುತ್ತಾರೆ ಎಂಬ ಅನುಕೂಲ ನಿಜ. ಆದರೂ ಅಳತೆ, ಒಳಗಿನ ರಚನೆ, ಬಳಕೆಯ ಉದ್ದೇಶ ಈ ಮೂರೂ ಹೊಂದಿದರೆ ಹೆಸರು ಬೇರೆಯಾದ ಮಾತ್ರಕ್ಕೆ ಗಾಡಿ ಕೆಡುವುದಿಲ್ಲ.

ಮೊದಲು ಅಳತೆಯನ್ನು ನೋಡೋಣ. 2021ರಿಂದ ಬಂದ ಕ್ಲಾಸಿಕ್‌ನಲ್ಲಿ ಮುಂದೆ 100/90-19, ಹಿಂದೆ 120/80-18 ಇರುತ್ತದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಲೆಕ್ಕ ಹಾಕಿದರೆ 120/80-18ರ ಒಟ್ಟು ವ್ಯಾಸ ಸುಮಾರು 649 ಮಿ.ಮೀ., 120/90-18ರದು 673 ಮಿ.ಮೀ. ಆಗುತ್ತದೆ. ಅಂದರೆ ಗಾಡಿಯ ಹಿಂಭಾಗ 12 ಮಿ.ಮೀ. ಮೇಲೇಳುತ್ತದೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಸುಮಾರು ಅರ್ಧ ಡಿಗ್ರಿಯಷ್ಟು ನೆಟ್ಟಗಾಗುತ್ತದೆ, ಹ್ಯಾಂಡಲ್ ಹಗುರವಾಗಿ ನೇರ ಓಟದ ಸ್ಥಿರತೆ ಸ್ವಲ್ಪ ತಗ್ಗುತ್ತದೆ. ಚಕ್ರದ ಸುತ್ತಳತೆ ಶೇಕಡಾ 3.7ರಷ್ಟು ಹೆಚ್ಚುವುದರಿಂದ ತೋಟದ ಏರಿನಲ್ಲಿ ಎಳೆತ ಮಂಕಾಗುತ್ತದೆ. ಎಬಿಎಸ್ ಎಂದರೆ ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ಕಚ್ಚಿಕೊಳ್ಳದಂತೆ, ಚಕ್ರ ತಿರುಗುವ ವೇಗವನ್ನು ನೋಡಿ ಕೆಲಸ ಮಾಡುವ ವ್ಯವಸ್ಥೆ. ಒಂದೇ ಚಕ್ರದ ಅಳತೆ ಬದಲಾದರೆ ಕಂಪನಿಯವರು ಅದಕ್ಕೆ ಹೊಂದಿಸಿಟ್ಟ ಲೆಕ್ಕವೂ ತಪ್ಪುತ್ತದೆ. ಮಡ್‌ಗಾರ್ಡಿನ ಕೆಳಗೆ ಉಳಿಯುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ತೋಟದ ಅಂಟುಮಣ್ಣು ಅಲ್ಲಿ ಮೆತ್ತಿಕೊಂಡು ಚಕ್ರವನ್ನೇ ಹಿಡಿಯುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೂ ಅಗಲದ ಟೈರಿನ ಆಸೆಯೂ ಬೇಡ. ರಿಮ್ಮಿನ ಅಗಲ ಅಷ್ಟೇ ಇರುವಾಗ ಅಗಲದ ಟೈರ್ ಅಂಚುಗಳಲ್ಲಿ ಒಳಕ್ಕೆ ಒತ್ತಿಕೊಂಡು ನಡುಭಾಗ ಉಬ್ಬುತ್ತದೆ, ಹಾಗಾಗಿ ನಾವು ನಿರೀಕ್ಷಿಸಿದಷ್ಟು ಹಿಡಿತ ಸಿಗುವುದಿಲ್ಲ.

ರಚನೆಯ ವಿಷಯದಲ್ಲಿ ನಿಮಗೆ ಹೆಚ್ಚು ಗೊಂದಲವಿಲ್ಲ, ಆದರೂ ಬೇರೆ ಸದಸ್ಯರಿಗಾಗಿ ಹೇಳುತ್ತೇನೆ. ಅಳತೆಯಲ್ಲಿ ರಿಮ್ಮಿನ ಸಂಖ್ಯೆಗೆ ಮುಂಚೆ ಅಡ್ಡಗೆರೆ ಇದ್ದರೆ ಅದು ಬಯಾಸ್ ಟೈರ್, ಒಳಗಿನ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಆರ್ ಅಕ್ಷರ ಇದ್ದರೆ ರೇಡಿಯಲ್, ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗಿರುತ್ತವೆ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕುವುದು ಸಲ್ಲದು. ಮುಂಭಾಗ ಚುರುಕಾಗಿ ತಿರುಗಿ ಹಿಂಭಾಗ ತಡವಾಗಿ ಹಿಂಬಾಲಿಸುವುದರಿಂದ ವೇಗದಲ್ಲಿ ಗಾಡಿ ಓಲಾಡುವ ಅಪಾಯವಿದೆ. ಮುಂದೆ ಬಯಾಸ್, ಹಿಂದೆ ರೇಡಿಯಲ್ ಎಂಬ ಜೋಡಿ ಕಾರ್ಖಾನೆಯಿಂದಲೇ ಬರುವುದುಂಟು. ಯಮಹಾ ಆರ್15 ವಿ3ರಲ್ಲಿ ಮುಂದೆ 100/80-17, ಹಿಂದೆ 140/70 ಆರ್17. ಹಿಮಾಲಯನ್ 450ರಲ್ಲಿ ಮುಂದೆ 90/90-21, ಹಿಂದೆ 140/80 ಆರ್17. ಆ ಗಾಡಿಗಳ ಚಾಸಿಯನ್ನು ಅದಕ್ಕೆಂದೇ ಹೊಂದಿಸಿರುತ್ತಾರೆ. ನಿಮ್ಮ ಗಾಡಿಗೆ ಎರಡೂ ಬಯಾಸ್ ಆಗಿಯೇ ಇರಲಿ.

ಈಗ ಬಟನ್ ಟೈರಿನ ಮಾತು. ಹಿಂದಿನ ಚಕ್ರ ಸ್ವಲ್ಪ ಜಾರಿದರೆ ಸುಧಾರಿಸಿಕೊಳ್ಳಲು ಬಹುತೇಕ ಸಲ ಒಂದು ಕ್ಷಣವಾದರೂ ಸಿಗುತ್ತದೆ. ಮುಂದಿನದು ಜಾರಿದರೆ ಆ ಕ್ಷಣವೂ ಸಿಗದೆ ನೆಲ ಕಾಣಬೇಕಾಗುತ್ತದೆ. ಆದ್ದರಿಂದ ಯಾವ ಜೋಡಿಯನ್ನೇ ಆರಿಸಿಕೊಳ್ಳಿ, ಹಿಡಿತದಲ್ಲಿ ಮುಂದಿನದು ಹಿಂದಿನದಕ್ಕಿಂತ ಕೀಳಾಗಬಾರದು. ಅಂಗಡಿಯವರ ಸಲಹೆ ಕೆಸರಿನಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ಆಗುತ್ತದೆ. ಹಿಂದಿನ ಬಟನ್ ಟೈರ್ ಗಾಡಿಯನ್ನು ಬಲವಾಗಿ ಮುಂದಕ್ಕೆ ತಳ್ಳುತ್ತದೆ, ಗೀರುಗಳಲ್ಲಿ ಮಣ್ಣು ತುಂಬಿ ನುಣ್ಣಗಾದ ಮುಂದಿನ ಟೈರ್ ಆ ವೇಗದಲ್ಲಿ ತಿರುಗಲಾರದೆ ನೇರ ಜಾರುತ್ತದೆ. ಘಾಟಿಯ ಒದ್ದೆ ಟಾರಿನಲ್ಲಿ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಬಟನ್‌ಗಳ ನಡುವಿನ ಖಾಲಿ ಜಾಗದಿಂದ ರಸ್ತೆಗೆ ತಾಗುವ ರಬ್ಬರ್ ಕಡಿಮೆಯಾಗಿ, ಇಳಿಜಾರಿನ ತಿರುವಿನಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಹಿಂಭಾಗ ಬೇಗ ಸಡಿಲವಾಗುತ್ತದೆ. ಹೊರದೇಶಗಳಲ್ಲಿ ದೂರದ ಸಾಹಸ ಪ್ರಯಾಣ ಮಾಡುವ ಎಷ್ಟೋ ಸವಾರರು ಮಿಶ್ರ ಜೋಡಿ ಬಳಸುವಾಗ ಮುಂದೆ ಕಾಂಟಿನೆಂಟಲ್ ಟಿಕೆಸಿ 80ಯಂಥ ದೊಡ್ಡ ಬಟನ್‌ನ ಟೈರನ್ನು, ಹಿಂದೆ ಅದಕ್ಕಿಂತ ನಿಧಾನವಾಗಿ ಸವೆಯುವ ಗಟ್ಟಿ ಟೈರನ್ನು ಹಾಕುತ್ತಾರೆ. ಮಣ್ಣಿನಲ್ಲಿ ಮುಂದಿನ ಹಿಡಿತ ಮುಖ್ಯ ಎಂಬ ವಿವೇಕ ಅದರ ಹಿಂದಿದೆ.

ಅರ್ಧ ಉಳಿದಿದೆ ಎನ್ನುವ ಮುಂದಿನ ಟೈರನ್ನು ಒಮ್ಮೆ ಹತ್ತಿರದಿಂದ ನೋಡಿ. ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದೆ ಎಂದರ್ಥ. ಐದು ವರ್ಷ ದಾಟಿದ್ದರೆ ಗೀರು ಆಳವಾಗಿದ್ದರೂ ರಬ್ಬರ್ ಗಡುಸಾಗಿರುತ್ತದೆ. ಗೀರಿನ ತಳದಲ್ಲಿ ಉಗುರು ಆಡಿಸಿ ನೋಡಿ, ಕೂದಲೆಳೆಯಂಥ ಬಿರುಕುಗಳು ಕಂಡರೆ ಉಳಿತಾಯದ ಯೋಚನೆ ಬಿಟ್ಟು ಅದನ್ನೂ ಬದಲಾಯಿಸಿ. ದ್ವಿಚಕ್ರ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವ ಕನಿಷ್ಠ ಗೀರಿನ ಆಳ 0.8 ಮಿ.ಮೀ.; ಮಲೆನಾಡಿನ ಮಳೆಗೆ ಅದು ಏನೇನೂ ಸಾಲದು, ಮುಂದಿನದರಲ್ಲಿ 2 ಮಿ.ಮೀ. ಉಳಿದಾಗಲೇ ಬದಲಾಯಿಸಬೇಕೆಂಬುದು ನನ್ನ ಅಭಿಪ್ರಾಯ.

ಹಿಂದಕ್ಕೆ 120/80-18ರಲ್ಲೇ, ಟಾರು ಮಣ್ಣು ಎರಡಕ್ಕೂ ಆಗುವ ಮಧ್ಯಮ ವಿನ್ಯಾಸದ ಟೈರ್ ಹಾಕಿಸಿ. ಮುಂದಿನದರ ಸರದಿ ಬಂದಾಗ ಅದೇ ಬಗೆಯದನ್ನು 100/90-19ರಲ್ಲಿ ತೆಗೆದುಕೊಳ್ಳಿ. ಹಿಂದಿನ ಟೈರಿನಲ್ಲಿ ಅಳತೆಯ ಪಕ್ಕ ಇರುವ ಭಾರದ ಸಂಖ್ಯೆ (ಟೈರ್ ಎಷ್ಟು ಭಾರ ಹೊರಬಲ್ಲದು ಎಂಬುದರ ಸೂಚಕ) 62ಕ್ಕಿಂತ ಕಡಿಮೆ ಇರಬಾರದು, 62 ಎಂದರೆ 265 ಕೆ.ಜಿ. ಸ್ಪೋಕ್ ರಿಮ್ ಆಗಿದ್ದರೆ ಟ್ಯೂಬನ್ನೂ ಹೊಸದು ಹಾಕಿಸಿ, ಹಳೆಯ ಹಿಗ್ಗಿದ ಟ್ಯೂಬ್ ಒಳಗೆ ಮಡಿಚಿಕೊಂಡು ಹರಿಯುತ್ತದೆ. ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ. ಗಾಳಿಯನ್ನು ಮಾಲೀಕರ ಕೈಪಿಡಿಯಲ್ಲಿ ಕೊಟ್ಟ ಪ್ರಮಾಣದಲ್ಲಿ, ಟೈರ್ ತಣ್ಣಗಿರುವಾಗ ಹಿಡಿಸಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 150 ಕಿ.ಮೀ. ಘಾಟಿಗೆ ಇಳಿಯದೆ, ಒಣ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಚಪ್ಪಟೆಯಾಗಿ ಸವೆದ ಟೈರಿಗೆ ನಿಮ್ಮ ಕೈ ಒಗ್ಗಿರುತ್ತದೆ. ದುಂಡಗಿನ ಹೊಸ ಟೈರ್ ಬಂದಾಗ ಗಾಡಿ ಸುಲಭವಾಗಿ ವಾಲುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಮುಂದಿನ ಟೈರಿನ ಆ ನಾಲ್ಕು ಅಂಕಿಗಳ ಮತ್ತು ಗೀರುಗಳ ಫೋಟೊ ಇಲ್ಲಿ ಹಾಕಿದರೆ, ಅದನ್ನು ಈ ಮಳೆಗಾಲಕ್ಕೆ ಉಳಿಸಿಕೊಳ್ಳಬಹುದೇ ಎಂಬುದನ್ನು ನೋಡಿ ಹೇಳುತ್ತೇನೆ.