ಓದುಗರ ಪ್ರಶ್ನೆ, ತಜ್ಞರ ಉತ್ತರ: ಆಟಿಸಂ ಇರುವವರ ಸದ್ದು, ಮರುಮಾತು, ಕೂಗು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ: "ಇದನ್ನು ನಿಲ್ಲಿಸೋದು ಹೇಗೆ?" ಅದಕ್ಕೂ ಮೊದಲು ಕೇಳಬೇಕಾದ್ದು ಇದು ಯಾವ ಬಗೆಯ ಸದ್ದು ಅನ್ನುವುದನ್ನು. ಮರುಮಾತು (ಕೇಳಿದ್ದನ್ನೇ ತಿರುಗಿ ಹೇಳುವುದು), ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಗುನುಗು, ಟಿಕ್ (ತಾನಾಗಿ ದಿಢೀರನೆ ಬರುವ ಚುಟುಕು ಸದ್ದು ಅಥವಾ ಚಲನೆ), ನೋವಿನ ಚೀರಾಟ, ಫಿಟ್ಸ್ ಎಲ್ಲವೂ ಹೊರಗಿನವರ ಕಿವಿಗೆ ಒಂದೇ. ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ. ವಾಕ್ ಚಿಕಿತ್ಸಕರು ಮತ್ತು ಮಕ್ಕಳ ನರರೋಗ ತಜ್ಞರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ, ಆಟಿಸಂ ಇದೆ. "ನೀರು ಬೇಕಾ?" ಅಂದರೆ "ನೀರು ಬೇಕಾ" ಅಂತಲೇ ತಿರುಗಿ ಹೇಳುತ್ತಾನೆ. ಬಾಯಾರಿದಾಗಲೂ ಬಂದು "ನೀರು ಬೇಕಾ" ಅನ್ನುತ್ತಾನೆ. ಬೆಂಗಳೂರಿಗೆ ಹೋದಾಗ ಮೆಟ್ರೋದಲ್ಲಿ ಕೇಳಿದ "ಮುಂದಿನ ನಿಲ್ದಾಣ" ಅನ್ನುವುದನ್ನು ದಿನವಿಡೀ ಹೇಳುತ್ತಾನೆ. ಗದರಿಸಿದರೆ ಇನ್ನೂ ಜಾಸ್ತಿ. ಈ ಗಿಳಿಪಾಠ ಬಿಡಿಸುವುದು ಹೇಗೆ?
— ತಾಯಿ, ತುಮಕೂರು

ಬಿಡಿಸಲು ಹೋಗಬೇಡಿ. ಬಾಯಾರಿದಾಗ ಬಂದು "ನೀರು ಬೇಕಾ" ಅನ್ನುವ ಮಗು ನೀರನ್ನೇ ಕೇಳುತ್ತಿದೆ. ನೀರು ಸಿಗುವ ಮುಂಚೆ ಯಾವಾಗಲೂ ಕೇಳಿಬರುವ ವಾಕ್ಯ ಅದು, ಹಾಗಾಗಿ ಅದನ್ನು ಇಡಿಯಾಗಿ ಎತ್ತಿಕೊಂಡಿದ್ದಾನೆ. ಇದಕ್ಕೆ ಎಕೊಲೇಲಿಯಾ ಎಂದು ಹೆಸರು. ಕೇಳಿದ ಕೂಡಲೇ ಹೇಳುವುದು ತಕ್ಷಣದ ಮರುಮಾತು. ಮೆಟ್ರೋ ಘೋಷಣೆಯಂತೆ ದಿನ, ತಿಂಗಳು ಕಳೆದು ಹೇಳುವುದು ತಡವಾದ ಮರುಮಾತು.

ಆಟಿಸಂ ಅನ್ನು ಮೊದಲು ವಿವರವಾಗಿ ದಾಖಲಿಸಿದವರಲ್ಲಿ ಒಬ್ಬರಾದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗಲೇ ಇದನ್ನು ಗಮನಿಸಿದ್ದರು. ಅವರಲ್ಲೊಬ್ಬ ಹುಡುಗ ಏನನ್ನಾದರೂ ಎಸೆಯಬೇಕೆನಿಸಿದಾಗಲೆಲ್ಲ "ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ" ಅನ್ನುತ್ತಿದ್ದ. ಸುತ್ತ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವಿಚಾರಿಸಿದರೆ, ಕೆಲವು ವರ್ಷ ಹಿಂದೆ ಹೋಟೆಲೊಂದರಲ್ಲಿ ಅವನು ಆಟಿಕೆ ನಾಯಿಯನ್ನು ಮತ್ತೆ ಮತ್ತೆ ಕೆಳಗೆಸೆದಾಗ ತಾಯಿ ಬೇಸತ್ತು ಹೇಳಿದ ಮಾತದು. ಅಂದರೆ ಅವನು ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದ. 1981ರಲ್ಲಿ ಪ್ರಿಜಾಂಟ್ ಮತ್ತು ಡಚನ್ ಎಂಬ ಸಂಶೋಧಕರು ತಕ್ಷಣದ ಮರುಮಾತಿನಲ್ಲೇ ಏಳು ಬಗೆಯ ಬಳಕೆ ಗುರುತಿಸಿದರು. ಸರದಿ ತುಂಬುವುದು, ಹೌದು ಅನ್ನುವುದು, ಬೇಕೆಂದು ಕೇಳುವುದು, ಉತ್ತರಕ್ಕೆ ಮುಂಚೆ ತನ್ನೊಳಗೇ ಉರು ಹೊಡೆಯುವುದು ಇತ್ಯಾದಿ.

ಕನ್ನಡದ ಮನೆಗಳಲ್ಲಿ ಒಂದು ತೊಡಕು ಹೆಚ್ಚಾಗಿ ಕಾಣುತ್ತದೆ. ನಮ್ಮ ಕ್ರಿಯಾಪದ ಯಾರು ಅನ್ನುವುದನ್ನು ತನ್ನೊಳಗೇ ಹೊತ್ತಿರುತ್ತದೆ. "ಮಲಗ್ತೀಯಾ?" ಎಂದು ನೀವು ಕೇಳಿ ಕೇಳಿ, ನಿದ್ದೆ ಬಂದ ಮಗುವೂ "ಮಲಗ್ತೀಯಾ" ಎಂದೇ ಬರುತ್ತದೆ. ತಿದ್ದಲು ಹೋಗಿ "ಮಲಗ್ತೀನಿ ಅಂತ ಹೇಳು" ಎಂದರೆ "ಮಲಗ್ತೀನಿ ಅಂತ ಹೇಳು" ಎಂಬ ಹೊಸ ವಾಕ್ಯ ಸೇರಿಕೊಳ್ಳುತ್ತದೆ. ಹಾಗಾಗಿ "ಹೇಳು" ಅನ್ನುವ ಪದವನ್ನೇ ಮನೆಯಲ್ಲಿ ಸ್ವಲ್ಪ ಕಾಲ ರಜೆಗೆ ಕಳಿಸಿ. ಮಗುವಿನ ಬಾಯಲ್ಲಿ ಹೇಗೆ ಬರಬೇಕೋ ಹಾಗೆ ನೀವೇ ಹೇಳಿ: ಲೋಟ ತೋರಿಸುತ್ತ, ಪ್ರಶ್ನೆಯ ಧಾಟಿ ಇಲ್ಲದೆ, "ನೀರು ಬೇಕು." ಹೇಳಿ, ಕೂಡಲೇ ಕೊಡಿ. ತಿರುಗಿ ಹೇಳಲಿ ಎಂದು ಲೋಟ ಹಿಡಿದಿಟ್ಟುಕೊಂಡರೆ ಬರುವುದು ಮಾತಲ್ಲ, ಅಳು.

ಎರಡನೆಯದು, ಪ್ರಶ್ನೆ ಕಡಿಮೆ ಮಾಡಿ. ದೊಡ್ಡವರು ಮಗುವಿನೊಂದಿಗೆ ಆಡುವ ಮಾತಿನಲ್ಲಿ ಬಹುಪಾಲು "ಇದೇನು? ಅದ್ಯಾರು?" ಎಂಬ ಪರೀಕ್ಷೆಯೇ ಆಗಿರುತ್ತದೆ. ನೀವು ಮಾಡುತ್ತಿರುವುದನ್ನು ಎರಡು ಮೂರು ಪದದಲ್ಲಿ ಹೇಳಿ: "ಚೆಂಡು ಬಿತ್ತು", "ಬಾಗಿಲು ತೆಗೆಯೋಣ". ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಮೂರನೇ ಸೆಕೆಂಡಿಗೇ ನಾವು ಮತ್ತೆ ಬಾಯಿ ಹಾಕುವುದರಿಂದ ಎಷ್ಟೋ ಉತ್ತರಗಳು ಹೊರಬರುವುದೇ ಇಲ್ಲ.

ಮೂರನೆಯದು, ಎರಡು ವಾರ ಒಂದು ನೋಟ್‌ಬುಕ್ ಇಡಿ. ಏನು ಹೇಳಿದ, ಮೊದಲು ಎಲ್ಲಿ ಕೇಳಿದ್ದ, ಹೇಳುವ ಹೊತ್ತಿಗೆ ಏನು ನಡೆಯುತ್ತಿತ್ತು ಎಂದು ಮೂರು ಕಾಲಂ ಸಾಕು. "ಮುಂದಿನ ನಿಲ್ದಾಣ" ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೇ ಬರುತ್ತಿದ್ದರೆ ಅದರ ಅರ್ಥ "ಈಗ ಮುಂದೇನು?" ಎಂದಿರಬಹುದು. ಆಗ "ಆಟ ಮುಗೀತು, ಈಗ ಊಟ" ಎಂದು ಆ ಅರ್ಥಕ್ಕೆ ಉತ್ತರ ಕೊಡಿ. ಸುಮ್ಮನೆ ಖುಷಿಗೆ ಹೇಳುತ್ತಿದ್ದರೆ ಹೇಳಿಕೊಳ್ಳಲಿ ಬಿಡಿ.

ಮರುಮಾತನ್ನು ಹಂತಹಂತವಾಗಿ ಸಣ್ಣ ತುಂಡುಗಳಾಗಿ ಒಡೆದು ಸ್ವಂತ ವಾಕ್ಯಕ್ಕೆ ಒಯ್ಯುವ ವಿಧಾನವೊಂದು ಈಗ ಬಳಕೆಯಲ್ಲಿದೆ. ಅದರ ಕೆಲವು ಅಂಶ ಉಪಯುಕ್ತ. ಆದರೆ "ಇಂತಿಷ್ಟು ತಿಂಗಳಲ್ಲಿ ಇಂಥ ಹಂತ" ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಅಷ್ಟು ಗಟ್ಟಿಯಾದ ಪುರಾವೆ ಅದಕ್ಕಿಲ್ಲ. ಹಾಗೆಯೇ "ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ" ಎಂಬ ಸಲಹೆಗೂ ಆಧಾರವಿಲ್ಲ. ವಾಕ್ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ಅಷ್ಟು ದೂರ ಆಗದಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ವಿಚಾರಿಸಿ. ಶ್ರವಣ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮೊದಲು ಅದು.

ಪ್ರಶ್ನೆ: ಮಗಳಿಗೆ 11 ವರ್ಷ, ಮಾತಿಲ್ಲ. ಬೆಳಗಿನಿಂದ ರಾತ್ರಿವರೆಗೆ "ಈಈಈ" ಎಂದು ಏರುದನಿಯಲ್ಲಿ ಗುನುಗುತ್ತಾಳೆ. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ದೊಡ್ಡ ಮಗನಿಗೆ ಪಿಯುಸಿ ಪರೀಕ್ಷೆ.
— ತಂದೆ, ಬೆಂಗಳೂರು

ಇದು ಸ್ಟಿಮ್ಮಿಂಗ್, ಅಂದರೆ ಹಿತಕ್ಕಾಗಿ ಒಂದೇ ಸದ್ದನ್ನೋ ಚಲನೆಯನ್ನೋ ಮತ್ತೆ ಮತ್ತೆ ಮಾಡುವುದು. ಗಂಟಲು, ತುಟಿ, ಕಪಾಲದಲ್ಲಿ ಏಳುವ ಕಂಪನ ಹಿತ ಕೊಡುತ್ತದೆ. ಹೊರಗಿನ ಸದ್ದನ್ನು ತನ್ನದೇ ಸದ್ದಿನಿಂದ ಮುಚ್ಚುವುದೂ ಇರುತ್ತದೆ. ಹಾಗಾಗಿ ಮೊದಲು ಪರೀಕ್ಷಿಸಬೇಕಾದ್ದು ನಿಮ್ಮ ಮನೆಯ ಸದ್ದನ್ನು. ಮಿಕ್ಸಿ, ಕುಕ್ಕರ್, ಪಕ್ಕದ ಕಟ್ಟಡದ ಡ್ರಿಲ್ ಶುರುವಾದಾಗ ಗುನುಗು ಏರುತ್ತದೆಯೇ? ಏರಿದರೆ ಆ ಹೊತ್ತಿಗೆ ಕಿವಿ ಮುಚ್ಚುವ ಇಯರ್‌ಮಫ್ ಹಾಕಿ. ದಿನವಿಡೀ ಬೇಡ, ಹಾಗೆ ಮಾಡಿದರೆ ಸಣ್ಣ ಸದ್ದೂ ತಡೆಯದಂತಾಗಬಹುದು.

ಪೂರ್ತಿ ನಿಲ್ಲಿಸಿದರೆ ಅದರ ಜಾಗಕ್ಕೆ ಕೈ ಕಚ್ಚಿಕೊಳ್ಳುವುದು, ತಲೆ ಬಡಿದುಕೊಳ್ಳುವುದು ಬಂದೀತು. ಅದೇ ಕಂಪನ ಬೇರೆ ದಾರಿಯಲ್ಲಿ ಸಿಗುವಂತೆ ಮಾಡಿ: ಕಂಪಿಸುವ ಟೂತ್‌ಬ್ರಷ್, ಜಗಿಯಲು ಆಹಾರ ದರ್ಜೆಯ ಸಿಲಿಕೋನ್ ಟ್ಯೂಬ್, ಸ್ಟ್ರಾದಲ್ಲಿ ಗಟ್ಟಿ ಮಜ್ಜಿಗೆ ಅಥವಾ ರಾಗಿ ಅಂಬಲಿ ಹೀರುವುದು, ಹಾರ್ಮೋನಿಯಂ ಪೆಟ್ಟಿಗೆಗೆ ಕೈಯಿಟ್ಟು ಕೂರುವುದು. ಮಗನ ಓದಿನ ವೇಳೆಗೆ ಮುಂಚೆ 20 ನಿಮಿಷ ಜೋಕಾಲಿ ಅಥವಾ ಮೆಟ್ಟಿಲು ಹತ್ತಿ ಇಳಿಯುವುದು ಮಾಡಿಸಿ ನೋಡಿ. ಆಮೇಲೆ ಒಂದು ಕೋಣೆಯನ್ನು ಅವಳ ಗುನುಗಿನ ಕೋಣೆ ಮಾಡಿ: ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ, ಪಕ್ಕದ ಮನೆಗೆ ತಾಗಿದ ಗೋಡೆಗೆ ಬಟ್ಟೆ ತುಂಬಿದ ಬೀರು. ಇವೆಲ್ಲ ಸದ್ದನ್ನು ಸ್ವಲ್ಪ ತಗ್ಗಿಸುತ್ತವೆ, ಅಳಿಸುವುದಿಲ್ಲ. ಮಗನಿಗೆ ಓದುವಾಗ ಕಿವಿಗೆ ಫೋಮ್ ಪ್ಲಗ್ ಕೊಡಿ. ತ್ಯಾಗವೆಲ್ಲ ತಂಗಿಯದೇ ಆಗಬೇಕಿಲ್ಲ.

ಕೆಳಗಿನ ಮನೆಯವರಿಗೆ, ಅವರು ಮೆಟ್ಟಿಲು ಹತ್ತಿ ಬರುವ ಮುಂಚೆ, ಅರ್ಧ ಪುಟದ ಪತ್ರ ಕೊಡಿ. ಮಗಳಿಗೆ ಏನಿದೆ, ಸದ್ದು ಬೇಕೆಂದು ಮಾಡುವುದಲ್ಲ, ರಾತ್ರಿ ಇಷ್ಟು ಗಂಟೆಯ ಮೇಲೆ ನೀವೇನು ವ್ಯವಸ್ಥೆ ಮಾಡಿದ್ದೀರಿ, ತೀರಾ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದಷ್ಟೇ ಬರೆಯಿರಿ. ಕ್ಷಮೆ ಬೇಡಿಕೊಳ್ಳುತ್ತ ಹೋಗಬೇಡಿ.

ಪ್ರಶ್ನೆ: ತಮ್ಮನಿಗೆ 13, ಆಟಿಸಂ ಇದೆ. ಒಂದು ವರ್ಷದಿಂದ ಗಂಟಲು ಕೆರೆಯುವಂತೆ "ಹ್ಮ್ ಹ್ಮ್", ನಡುವೆ "ಹಕ್" ಅನ್ನುತ್ತಾನೆ. ಚಿಕ್ಕಂದಿನಲ್ಲಿ ಕಣ್ಣು ಪಿಟಿಪಿಟಿ ಮಾಡುತ್ತಿದ್ದ. ಈಗ ಒಂದು ಕೆಟ್ಟ ಪದವೂ ಸೇರಿದೆ. ಅಪ್ಪ ಹೊಡೆಯುತ್ತಾರೆ. ಇದೂ ಆಟಿಸಂನದ್ದೇನಾ?
— ಅಕ್ಕ, ಶಿವಮೊಗ್ಗ

ನೀವು ಬರೆದಿರುವುದು ಟಿಕ್‌ನಂತೆ ತೋರುತ್ತದೆ. ಸ್ಟಿಮ್ ಸಾಮಾನ್ಯವಾಗಿ ಎಳವೆಯಲ್ಲೇ ಶುರುವಾಗಿ, ಲಯವಾಗಿ, ಬಹಳ ಹೊತ್ತು, ಹಿತವಾಗಿ ಸಾಗುತ್ತದೆ. ಟಿಕ್ ಚುಟುಕು, ದಿಢೀರ್, ಹಿತವಲ್ಲದ್ದು. ಬರುವ ಮುಂಚೆ ಗಂಟಲಲ್ಲಿ ಏನೋ ಒತ್ತಿದ ಅನುಭವ. ಸೀನನ್ನು ತಡೆದಂತೆ ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಬಂದೇ ಬರುತ್ತದೆ. "ಶಾಲೆಯಲ್ಲಿ ಮಾಡಲ್ಲ, ಮನೆಯಲ್ಲಿ ಮಾತ್ರ, ಅಂದರೆ ಬೇಕಂತಲೇ" ಎಂದು ಅಪ್ಪಂದಿರು ವಾದಿಸುವುದು ಇದನ್ನೇ ತಪ್ಪಾಗಿ ತಿಳಿದು. ಟಿಕ್ ಹೆಚ್ಚಾಗಿ 4ರಿಂದ 6 ವರ್ಷದಲ್ಲಿ ಕಣ್ಣು, ಮುಖದಿಂದ ಶುರುವಾಗಿ, 10–12ರ ಸುಮಾರಿಗೆ ಜೋರಾಗಿ, ಹರೆಯ ದಾಟಿದ ಮೇಲೆ ಅನೇಕರಲ್ಲಿ ಇಳಿಯುತ್ತದೆ. ಒಂದು ಹೋಗಿ ಇನ್ನೊಂದು ಬರುವುದೂ ಅದರ ಸ್ವಭಾವವೇ.

ಎರಡಾದರೂ ದೇಹದ ಟಿಕ್, ಒಂದಾದರೂ ದನಿಯ ಟಿಕ್, 18 ತುಂಬುವ ಮುಂಚೆ ಶುರುವಾಗಿ ವರ್ಷ ಮೀರಿದ್ದರೆ ಅದು ಟುರೆಟ್ ಸಿಂಡ್ರೋಮ್. ಆಟಿಸಂ ಜೊತೆಗೇ ಇರಬಹುದು. ಕೆಟ್ಟ ಪದ ಬರುವುದು ಟುರೆಟ್ ಇರುವ 100 ಜನರಲ್ಲಿ ಸುಮಾರು 10–15 ಮಂದಿಗೆ ಮಾತ್ರ, ಸಿನಿಮಾದವರು ತೋರಿಸುವಷ್ಟು ಅಲ್ಲ. ಆದರೆ ಆಟಿಸಂ ಇರುವ ಹುಡುಗ ಎಲ್ಲೋ ಕೇಳಿದ ಬೈಗುಳವನ್ನು ಮರುಮಾತಾಗಿ ಹೇಳುತ್ತಿರಲೂಬಹುದು. ಅದನ್ನು ಹೇಳಿದಾಗ ಮನೆಯಲ್ಲಿ ದೊಡ್ಡ ರಂಪವಾದರೆ ಆ ಪದಕ್ಕೆ ಬಲ ಬರುತ್ತದೆ.

ಮೊದಲು ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಅಲರ್ಜಿ, ಅಸ್ತಮಾ, ಆಮ್ಲ ಮೇಲೆ ಬರುವ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ನಿದ್ದೆಯಲ್ಲಿ ಸದ್ದು ಬಹುಪಾಲು ಇಳಿದರೆ ಟಿಕ್ ಕಡೆಗೆ, ಸದ್ದೇ ಅವನನ್ನು ನಿದ್ದೆಯಿಂದ ಎಬ್ಬಿಸಿದರೆ ಕೆಮ್ಮಿನ ಕಡೆಗೆ ಯೋಚಿಸಬೇಕು. ಚಿಕಿತ್ಸೆಯಲ್ಲಿ ಮೊದಲ ಆಯ್ಕೆ ವರ್ತನಾ ತರಬೇತಿ: ಒತ್ತಡ ಬರುವುದನ್ನು ಗುರುತಿಸುವುದು, ಬಂದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ನಿಧಾನ ಉಸಿರಾಡುತ್ತ ಸುಮಾರು ಒಂದು ನಿಮಿಷ, ಇಲ್ಲವೇ ಒತ್ತಡ ಇಳಿಯುವವರೆಗೆ ಇರುವುದು. 2010ರಲ್ಲಿ ಅಮೆರಿಕದಲ್ಲಿ 9ರಿಂದ 17 ವಯಸ್ಸಿನ 126 ಮಕ್ಕಳ ಅಧ್ಯಯನದಲ್ಲಿ ಹತ್ತು ವಾರಗಳ ತರಬೇತಿಯಿಂದ ನೂರಕ್ಕೆ 53ರಷ್ಟು ಮಕ್ಕಳಿಗೆ ಗುಣ ಕಂಡಿತು. ಬರೀ ತಿಳಿವಳಿಕೆ, ಸಾಂತ್ವನ ಪಡೆದವರಲ್ಲಿ 19ರಷ್ಟು. ತನ್ನ ದೇಹದ ಒತ್ತಡ ಗುರುತಿಸಲಾಗದ ಮಕ್ಕಳಿಗೆ ಇದು ಕಷ್ಟ. ಆಗ ಕ್ಲೋನಿಡಿನ್‌ನಂಥ ಮಾತ್ರೆ ಕೊಡುವುದುಂಟು. ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ರಕ್ತದೊತ್ತಡ ಏರುತ್ತದೆ.

ಹೊಡೆತದ ಬಗ್ಗೆ: ಆತಂಕ ಟಿಕ್ ಹೆಚ್ಚಿಸುತ್ತದೆ. ಅಪ್ಪನಿಗೆ ಈ ಪುಟ ತೋರಿಸಿ.

ಪ್ರಶ್ನೆ: ಮಾತ್ರೆ ಕೊಟ್ಟರೆ ಕೂಗು, ಮರುಮಾತು ನಿಲ್ಲುತ್ತದೆಯೇ?
— ಬಳ್ಳಾರಿಯಿಂದ, ಮಂಗಳೂರಿನಿಂದ, ದುಬೈನಿಂದ ಬಂದ ಪತ್ರಗಳು

ಮರುಮಾತಿಗೆ ಮಾತ್ರೆ ಇಲ್ಲ. ರಿಸ್ಪೆರಿಡೋನ್ (ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ) ಮತ್ತು ಅರಿಪಿಪ್ರಜೋಲ್ (2009) ಆಟಿಸಂ ಇರುವ ಮಕ್ಕಳ ತೀವ್ರ ಕೆರಳಿಕೆ, ಹೊಡೆದುಕೊಳ್ಳುವಿಕೆಗೆ ಇರುವವು. ಹಸಿವು ಮತ್ತು ತೂಕ ಏರುತ್ತದೆ. ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬು ನೋಡುತ್ತಿರಬೇಕು. ಪುನರಾವರ್ತನೆಗೆಂದು ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು 149 ಮಕ್ಕಳ ಅಧ್ಯಯನದಲ್ಲಿ (2009) ಪರೀಕ್ಷಿಸಿದಾಗ ಅದು ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ.

ಪ್ರಶ್ನೆ: ಆರು ವರ್ಷದ ಮಗ ರಾತ್ರಿ ಇದ್ದಕ್ಕಿದ್ದಂತೆ ನಗುತ್ತಾನೆ. ಮಾತಾಡಿಸಿದರೆ ಪ್ರತಿಕ್ರಿಯೆ ಇಲ್ಲ.
— ತಾಯಿ, ಹುಬ್ಬಳ್ಳಿ

ತಡ ಮಾಡದೆ ತೋರಿಸಿ. ಖುಷಿಯಿಲ್ಲದ ನಗು, ಪ್ರತಿ ಸಲ ಒಂದೇ ಥರ, ಕೆಲವು ಸೆಕೆಂಡ್, ದೃಷ್ಟಿ ನೆಟ್ಟಿರುವುದು, ಆಮೇಲೆ ಮಂಕು ಇದ್ದರೆ ನಗುವಿನ ರೂಪದ ಫಿಟ್ಸ್ ಇರಬಹುದು. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು. ಮೊಬೈಲಿನಲ್ಲಿ ವಿಡಿಯೋ ಮಾಡಿ: ದೀಪ ಹಾಕಿ, ಹೊದಿಕೆ ಸರಿಸಿ, ಮುಖ ಮತ್ತು ಕೈಕಾಲು ಎರಡೂ ಕಾಣಲಿ, ಒಮ್ಮೆ ಹೆಸರು ಕರೆಯಿರಿ. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಒಮ್ಮೆ ಸರಿಯಾಗಿ ಬಂದರೂ ಫಿಟ್ಸ್ ಇಲ್ಲವೆಂದಲ್ಲ. ನಿದ್ದೆಯ ಇಇಜಿ, ಎಂಆರ್‌ಐ ಬೇಕಾಗಬಹುದು. ಮೈಯೆಲ್ಲ ಅದುರುವ ಫಿಟ್ಸ್ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ನಮ್ಮ ತರಗತಿಯ ಏಳನೇ ಕ್ಲಾಸಿನ ಹುಡುಗ ಇದ್ದಕ್ಕಿದ್ದಂತೆ ಕಿರುಚುತ್ತಾನೆ. 40 ಮಕ್ಕಳ ಪಾಠ ನಿಲ್ಲುತ್ತದೆ. ಏನು ಮಾಡಲಿ?
— ಶಿಕ್ಷಕಿ, ಕಲಬುರಗಿ

"ಇದ್ದಕ್ಕಿದ್ದಂತೆ" ಎಂದು ಕಾಣುವುದಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ ಪೀಠಿಕೆ ಇರುತ್ತದೆ: ಕಿವಿ ಮುಚ್ಚುವುದು, ಗುನುಗು ಏರುವುದು, ಒಂದೇ ಪದ ಬೇಗ ಬೇಗ ಹೇಳುವುದು. ಹೊರಗೆ ಕಳಿಸಬೇಕಾದ್ದು ಆಗ. ಮೇಜಿನ ಮೇಲೆ ಒಂದು ಬಣ್ಣದ ಚೀಟಿ ಇಡಿ. ಅದನ್ನು ತೋರಿಸಿದರೆ ಪ್ರಶ್ನೆ ಕೇಳದೆ ವರಾಂಡದ ಗೊತ್ತುಪಡಿಸಿದ ಜಾಗಕ್ಕೆ, ಯಾರಾದರೂ ದೊಡ್ಡವರ ಕಣ್ಣಳತೆಯಲ್ಲಿ, ಹೋಗಬಹುದು. ಶಾಂತವಾಗಿದ್ದಾಗಲೇ ನಾಲ್ಕೈದು ಸಲ ಅಭ್ಯಾಸ ಮಾಡಿಸದಿದ್ದರೆ ಬೇಕಾದ ಹೊತ್ತಿಗೆ ಅದು ನೆನಪಾಗುವುದಿಲ್ಲ.

ಕಿರುಚಾಟ ಶುರುವಾಗಿಬಿಟ್ಟರೆ ಅವನನ್ನು ಎಳೆಯಬೇಡಿ, ಉಳಿದ ಮಕ್ಕಳನ್ನು ಹೊರಗೆ ಕಳಿಸಿ. ಒಂದು ತೋಳಿನಷ್ಟು ದೂರ ನಿಂತು, ಚೂಪಾದ ವಸ್ತು ಸರಿಸಿ, ಮಾತು ನಿಲ್ಲಿಸಿ. ಅಡಗಿದ ಮೇಲೂ ಅರ್ಧ ಗಂಟೆ ಪಾಠ, ಬುದ್ಧಿವಾದ ಎರಡೂ ಬೇಡ. ಈಚೆಗಷ್ಟೇ ಶುರುವಾಗಿದ್ದರೆ ನೋವು ಹುಡುಕಿ: ಹಲ್ಲು, ಕಿವಿ, ಮಲಬದ್ಧತೆ, ಹೊಟ್ಟೆ ಉರಿ. ಊಟದ ನಂತರ ಹೆಚ್ಚಿದರೆ ಹೊಟ್ಟೆ, ಕೆನ್ನೆ ಹೊಡೆದುಕೊಂಡರೆ ಹಲ್ಲು ಅಥವಾ ಕಿವಿ ಎಂದು ಪೋಷಕರಿಗೆ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಪರೀಕ್ಷೆಗೆ ಪ್ರತ್ಯೇಕ ಕೊಠಡಿ ಬೇಕೆಂದು ಮುಖ್ಯೋಪಾಧ್ಯಾಯರ ಮೂಲಕ ಅಂಗವೈಕಲ್ಯ ಪ್ರಮಾಣಪತ್ರದೊಂದಿಗೆ ಲಿಖಿತ ಅರ್ಜಿಯನ್ನು ವರ್ಷದ ಆರಂಭದಲ್ಲೇ ಹಾಕಿಸಿ.

ಪ್ರಶ್ನೆ: ನನಗೆ 27, ಆಟಿಸಂ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಹಳೆಯ ಮುಜುಗರದ ಘಟನೆ ನೆನಪಾದರೆ ಬಾಯಿಂದ ಒಂದು ಪದ ಹೊರಬೀಳುತ್ತದೆ. ನನ್ನ ವಾಕ್ಯದ ಕೊನೆಯನ್ನೇ ಪಿಸುಮಾತಿನಲ್ಲಿ ಮತ್ತೆ ಹೇಳುತ್ತೇನೆ. ಆಫೀಸಿನಲ್ಲಿ ದಿನವಿಡೀ ತಡೆದು ಸಂಜೆಗೆ ಸುಸ್ತು.
— ಓದುಗರು, ಬೆಂಗಳೂರು

ಕೊನೆಯ ಪದಗಳನ್ನು ಮತ್ತೆ ಹೇಳುವುದಕ್ಕೆ ಪಾಲಿಲೇಲಿಯಾ ಎನ್ನುತ್ತಾರೆ, ಯಾರಿಗೂ ಹಾನಿಯಿಲ್ಲ. ನೆನಪಿನ ಜೊತೆ ಪದ ಬೀಳುವುದು ಒತ್ತಡ, ನಿದ್ದೆಗೇಡು ಇದ್ದಾಗ ಹೆಚ್ಚುತ್ತದೆ. ನೆನಪುಗಳೇ ಹಿಂಸೆಯಾಗಿದ್ದರೆ ಆತಂಕಕ್ಕೆ ಚಿಕಿತ್ಸೆ ಪಡೆಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡು ಗಂಟೆಗೊಮ್ಮೆ ಐದು ನಿಮಿಷ ಟೆರೇಸಿಗೋ ಪಾರ್ಕಿಂಗಿಗೋ ಹೋಗಿ ಬಾಯಿಬಿಟ್ಟು ಹೇಳಿಕೊಳ್ಳಿ. ಇಡೀ ದಿನದ್ದನ್ನು ಸಂಜೆಗೆ ಕೂಡಿಡಬೇಡಿ. ಆನ್‌ಲೈನ್ ಮೀಟಿಂಗಿನಲ್ಲಿ ಮಾತಾಡುವಾಗ ಮಾತ್ರ ಮೈಕ್ ಆನ್ ಮಾಡಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲ ನೌಕರರಿಗೆ ಕೊಡುವ ಸೌಲಭ್ಯ ಮತ್ತು ಅದನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ಉಲ್ಲೇಖ ಇರಬೇಕು. ಎಚ್‌ಆರ್‌ಗೆ ಎಲ್ಲವನ್ನೂ ಹೇಳಿಕೊಳ್ಳುವ ಮುಂಚೆ ಆ ನೀತಿಯ ಪ್ರತಿ ಕೇಳಿ ಓದಿ. ಮೂಲೆಯ ಆಸನವೋ ವಾರಕ್ಕೆರಡು ದಿನ ಮನೆಯಿಂದ ಕೆಲಸವೋ, ಬೇಕಾದ್ದನ್ನು ಹೆಸರಿಸಿ ಇಮೇಲ್‌ನಲ್ಲೇ ಕೇಳಿ.